ಬಾತ ಕೈಗೆ ಹಗುರ ಕೈ: ಮನೆಯಲ್ಲಿ ದುಗ್ಧರಸ ಬಸಿಯುವ ಕ್ರಮ

ಅತ್ತೆಯ ಎಡಗೈ ಬಾತಿದೆ ಎಂದು ನಮಗೆ ಮೊದಲು ತಿಳಿಸಿದ್ದು ಬಳೆ. ಗೌರಿ ಹಬ್ಬದ ಹಿಂದಿನ ದಿನ ತೀರ್ಥಹಳ್ಳಿ ಪೇಟೆಯಲ್ಲಿ ಬಳೆ ತೊಡಿಸಿಕೊಳ್ಳಲು ಕುಳಿತಿದ್ದರು. ಬಲಗೈಗೆ ಸಲೀಸಾಗಿ ಏರಿದ ಅದೇ ಅಳತೆಯ ಹಸಿರು ಬಳೆ ಎಡಗೈಯ ಹೆಬ್ಬೆರಳ ಬುಡದಲ್ಲಿ ನಿಂತುಬಿಟ್ಟಿತು. ಆಗ ನೆನಪಾಯಿತು, ತಿಂಗಳಿನಿಂದ ಅವರು ರವಿಕೆಯ ಎಡತೋಳು ಬಿಗಿಯಾಗುತ್ತಿದೆ ಎನ್ನುತ್ತಿದ್ದರು. ನಾನು ಹೊಲಿಗೆ ಬಿಚ್ಚಿ ಕೊಟ್ಟು ಸುಮ್ಮನಾಗಿದ್ದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷವಾಗಿತ್ತು. ಗಡ್ಡೆಯ ಜೊತೆಗೆ ಎಡಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು, ಆಮೇಲೆ ವಿಕಿರಣ ಚಿಕಿತ್ಸೆಯೂ ಆಗಿತ್ತು. ಮುಂದೊಂದು ದಿನ ಕೈ ಊದಿಕೊಳ್ಳಬಹುದು ಎಂಬ ಒಂದು ಮಾತನ್ನು ಮನೆಗೆ ಕಳಿಸುವ ದಿನ ಯಾರೂ ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಆ ಒಂದು ತಿಂಗಳು ಉಳಿಯುತ್ತಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ನಾವು ಮೊದಲು ಮಾಡಿದ್ದು ತಪ್ಪು. ಬಾವು ಎಂದರೆ ಬಿಸಿ ಎಣ್ಣೆ ಹಚ್ಚಿ ತಿಕ್ಕಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಪಕ್ಕದೂರಿನಿಂದ ಎಣ್ಣೆ ತಿಕ್ಕುವವರೊಬ್ಬರನ್ನು ಕರೆಸಿದೆವು. ಮೂರು ದಿನ ಮಣಿಕಟ್ಟಿನಿಂದ ರಟ್ಟೆಯವರೆಗೆ ಬಲವಾಗಿ ತಿಕ್ಕಿದರು, ಮೇಲಿನಿಂದ ಬಚ್ಚಲಿನ ಹಂಡೆಯ ಬಿಸಿನೀರು. ನಾಲ್ಕನೆಯ ದಿನ ಮುಂಗೈ ಇನ್ನಷ್ಟು ಬಿಗಿದು ಚರ್ಮ ಹೊಳೆಯುತ್ತಿತ್ತು. ಬಂದವರು ನಂಬಿಕೆಯಿಂದಲೇ ಮಾಡಿದ್ದರು. ಆದರೆ ಈ ಬಾವು ಅವರ ಕೈಗೆ ಗೊತ್ತಿದ್ದ ಬಾವು ಆಗಿರಲಿಲ್ಲ.

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬರು ಅತ್ತೆಯನ್ನು ಮಲಗಿಸಿ ಕೈಯಿಟ್ಟಾಗ, ಇನ್ನೂ ಶುರುವೇ ಮಾಡಿಲ್ಲ ಎಂದುಕೊಂಡೆ. ಅಷ್ಟು ಹಗುರ. ಅದೂ ಬಾತ ಕೈಯನ್ನು ಮುಟ್ಟದೆ ಕುತ್ತಿಗೆಯಿಂದ ಆರಂಭಿಸಿದರು. ಮೂರು ವಾರ ವಿನೋಬನಗರದ ನೆಂಟರ ಮನೆಯಲ್ಲಿ ಉಳಿದು ಚಿಕಿತ್ಸೆ ಮಾಡಿಸಿದೆವು. ಕೊನೆಯ ವಾರ ಅವರು ನನ್ನ ಕೈಯಿಂದಲೇ ಮಾಡಿಸಿ, ತಪ್ಪಿದಲ್ಲೆಲ್ಲ ತಿದ್ದಿದರು. ಆರು ವರ್ಷಗಳಿಂದ ಮನೆಯಲ್ಲಿ ನಾನೇ ಮಾಡುತ್ತಿದ್ದೇನೆ. ಹಾಗಾಗಿ ಇದು ಕಲಿಸಿಕೊಂಡವಳ ಬರಹ, ವೈದ್ಯರದ್ದಲ್ಲ. ನೀವೂ ಒಮ್ಮೆಯಾದರೂ ತರಬೇತಿ ಪಡೆದವರ ಕೈಕೆಳಗೆ ಕಲಿತು, ನೆನಪಿಗಾಗಿ ಇದನ್ನು ಇಟ್ಟುಕೊಳ್ಳಿ.

ಯಾಕೆ ಹಗುರ, ಯಾಕೆ ಕುತ್ತಿಗೆಯಿಂದ

ರಕ್ತನಾಳಗಳಿಂದ ಮೈಯ ಅಂಗಾಂಶಗಳಿಗೆ ದಿನವೂ ಲೀಟರುಗಟ್ಟಲೆ ನೀರು ಜಿನುಗುತ್ತದೆ. ಅದನ್ನು, ಅದರಲ್ಲಿರುವ ಪ್ರೋಟೀನಿನ ಸಮೇತ, ಮರಳಿ ರಕ್ತಕ್ಕೆ ಸೇರಿಸುವುದು ದುಗ್ಧರಸ ನಾಳಗಳ ಕೆಲಸ. ಅವುಗಳಲ್ಲಿ ಹರಿಯುವ ಈ ನೀರೇ ದುಗ್ಧರಸ, ಇಂಗ್ಲಿಷಿನಲ್ಲಿ ಲಿಂಫ್. ಈ ನಾಳಗಳಿಗೆ ಹೃದಯದಂಥ ಒಂದು ಪಂಪು ಇಲ್ಲ. ಒಳಗೆ ಕವಾಟಗಳಿವೆ, ನಾಳಗಳು ತಾವೇ ತುಸುತುಸುವೇ ಹಿಂಡಿಕೊಳ್ಳುತ್ತವೆ, ನಾವು ಕೈಕಾಲು ಆಡಿಸಿದಾಗ, ಆಳವಾಗಿ ಉಸಿರೆಳೆದಾಗ ರಸ ಮುಂದಕ್ಕೆ ಸಾಗುತ್ತದೆ. ದಾರಿಯಲ್ಲಿ ಕಂಕುಳು, ತೊಡೆಸಂದಿ, ಕುತ್ತಿಗೆಯಲ್ಲಿ ಗ್ರಂಥಿಗಳ ಗುಂಪುಗಳಿವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ನೋಯುವ ಗಂಟು ಕೈಗೆ ಸಿಗುತ್ತದಲ್ಲ, ಅವೇ. ಕೊನೆಗೆ ಎಲ್ಲವೂ ಕೊರಳೆಲುಬಿನ ಹಿಂದೆ ದೊಡ್ಡ ಅಭಿಧಮನಿಗೆ ಸೇರುತ್ತದೆ. ಎರಡು ಕಾಲು, ಹೊಟ್ಟೆ, ಎಡಗೈ, ತಲೆಯ ಎಡಭಾಗ ಇಷ್ಟರದ್ದೂ ಎಡಗಡೆಗೆ; ಬಲಗೈ, ಎದೆಯ ಮತ್ತು ತಲೆಯ ಬಲಭಾಗದ್ದು ಮಾತ್ರ ಬಲಗಡೆಗೆ.

ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಅಥವಾ ವಿಕಿರಣದಿಂದ ಅಲ್ಲಿ ಗಾಯದ ಗಟ್ಟಿ ಕಟ್ಟಿದರೆ ಕೈಯಿಂದ ಬರುವ ರಸಕ್ಕೆ ದಾರಿ ಕಿರಿದಾಗುತ್ತದೆ. ಚರ್ಮದ ಕೆಳಗಿನ ಎಳೆ ನಾಳಗಳು ಬಹಳ ಸೂಕ್ಷ್ಮ. ಅವುಗಳ ಗೋಡೆಯನ್ನು ಸುತ್ತಲಿನ ಅಂಗಾಂಶಕ್ಕೆ ಕಟ್ಟಿಹಾಕಿದ ನೂಲಿನಂಥ ಎಳೆಗಳಿವೆ. ಚರ್ಮವನ್ನು ಮೆಲ್ಲನೆ ಎಳೆದಾಗ ಈ ಎಳೆಗಳು ಜಗ್ಗಿ ನಾಳದ ಬಾಯಿ ತೆರೆಯುತ್ತದೆ, ನೀರು ಒಳಗೆ ಸೇರುತ್ತದೆ. ಬಲವಾಗಿ ಒತ್ತಿದರೆ ನಾಳವೇ ಮುಚ್ಚಿಕೊಳ್ಳುತ್ತದೆ. ತಿಕ್ಕಿ ಬಿಸಿ ಮಾಡಿದರೆ ಅಲ್ಲಿಗೆ ರಕ್ತ ಹೆಚ್ಚು ಹರಿದು, ಜಿನುಗುವ ನೀರೂ ಹೆಚ್ಚುತ್ತದೆ. ಅತ್ತೆಯ ಕೈಗೆ ಆದದ್ದು ಅದೇ.

ಕುತ್ತಿಗೆಯಿಂದ ಯಾಕೆ ಎನ್ನುವುದು ನನಗೆ ಅರ್ಥವಾದದ್ದು ತೋಟದಲ್ಲಿ. ಮಳೆಗಾಲಕ್ಕೆ ಮುನ್ನ ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಯುವಾಗ ಮಾವ ಹಳ್ಳಕ್ಕೆ ಬೀಳುವ ಬಾಯಿಯಿಂದ ಶುರುಮಾಡಿ ಮೇಲಕ್ಕೆ ಬರುತ್ತಾರೆ. ಮೇಲಿನಿಂದ ಬಿಡಿಸುತ್ತ ಬಂದರೆ ಕೆಳಗೆ ಕಟ್ಟಿಕೊಂಡಲ್ಲೇ ನೀರು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ: ಮೊದಲು ಕೊನೆಯ ಬಾಯಿಯನ್ನು ಬಿಡಿಸಬೇಕು, ಆಮೇಲೆ ಅದರ ಹಿಂದಿನದನ್ನು, ಬೆರಳ ತುದಿಯನ್ನು ಎಲ್ಲಕ್ಕಿಂತ ಕೊನೆಗೆ.

ಈ ಕ್ರಮವನ್ನು ಮೊದಲು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವಾಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್, 1930ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಸದಾ ನೆಗಡಿಯಿಂದ ಬಳಲುವವರ ಕುತ್ತಿಗೆಯ ಊದಿದ ಗ್ರಂಥಿಗಳನ್ನು ಕಂಡು ಅವರು ಈ ಹಗುರ ಸ್ಪರ್ಶವನ್ನು ಪ್ರಯತ್ನಿಸಿದರು. 1936ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಜನರ ಮುಂದಿಟ್ಟರು. ಮುಂದೆ ಜರ್ಮನಿಯಲ್ಲಿ ವೈದ್ಯ ಮಿಖಾಯೆಲ್ ಫೋಲ್ಡಿ ಇದಕ್ಕೆ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆಗಳನ್ನು ಸೇರಿಸಿ ಪೂರ್ಣ ಚಿಕಿತ್ಸೆಯಾಗಿಸಿದರು.

ಯಾವ ಬಾವನ್ನು ಮುಟ್ಟಬಾರದು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಕೈಯೋ ಕಾಲೋ ಕೆಂಪಾಗಿ, ಬಿಸಿಯಾಗಿ, ನೋವಿನಿಂದ ಕೂಡಿ, ಚಳಿಜ್ವರ ಬಂದಿದ್ದರೆ ಅದು ಚರ್ಮದೊಳಗಿನ ಸೋಂಕು. ನೀವುವುದನ್ನು ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಉಸಿರು ಕಟ್ಟುತ್ತಿದ್ದರಂತೂ ಒಂದು ಗಳಿಗೆಯೂ ಕಾಯಬೇಡಿ. ಎರಡೂ ಕಾಲು ಸಮನಾಗಿ ಬಾತಿದ್ದರೆ, ಬೆಳಗ್ಗೆ ಮುಖವೂ ಊದಿದ್ದರೆ, ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ಮೊದಲು ಪರೀಕ್ಷಿಸಬೇಕು. ಸೋತ ಹೃದಯಕ್ಕೆ ಕಾಲಿನ ನೀರನ್ನೆಲ್ಲ ತಂದು ಸುರಿದರೆ ಅದು ತಾಳದು. ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಹೊಸದಾಗಿ ಬಾವು ಬಂದರೆ, ರೋಗ ಮರಳಿಲ್ಲ ಎಂದು ವೈದ್ಯರು ನೋಡಿ ಹೇಳಿದ ಮೇಲೆಯೇ ಕೈಯಿಡಬೇಕು. ಥೈರಾಯ್ಡ್ ಹೆಚ್ಚಾಗಿರುವವರ, ಕುತ್ತಿಗೆಯ ರಕ್ತನಾಳದ ತೊಂದರೆ ಇರುವವರ ಕುತ್ತಿಗೆಯನ್ನು, ಗರ್ಭಿಣಿಯರ ಹೊಟ್ಟೆಯನ್ನು ಮನೆಯಲ್ಲಿ ಮುಟ್ಟಬೇಡಿ.

ಮಾಡುವ ಬಗೆ

ಇದು ಎಡಗೈ ಬಾತ, ಎಡಕಂಕುಳಿನ ಗ್ರಂಥಿ ತೆಗೆದವರಿಗೆ. ಬಲಗೈಯಾದರೆ ಎಡ-ಬಲ ಬದಲಿಸಿಕೊಳ್ಳಿ.

ಎಣ್ಣೆ ಬೇಡ, ಪುಡಿ ಬೇಡ. ಕೈ ಜಾರಿದರೆ ಚರ್ಮ ಸರಿಯುವುದಿಲ್ಲ. ಉಗುರು ಕತ್ತರಿಸಿ, ಬಳೆ ಉಂಗುರ ತೆಗೆದು, ಕೈ ಬೆಚ್ಚಗಾಗಲು ಒಂದಕ್ಕೊಂದು ಉಜ್ಜಿಕೊಳ್ಳಿ. ಆಷಾಢದ ಥಂಡಿಯಲ್ಲಿ ನನ್ನ ಕೈ ತಗುಲಿದರೆ ಅತ್ತೆ ಹೆಗಲನ್ನೇ ಬಿಗಿದುಕೊಳ್ಳುತ್ತಿದ್ದರು, ಆಮೇಲೆ ಐದು ನಿಮಿಷ ಸಡಿಲವಾಗುತ್ತಿರಲಿಲ್ಲ. ಮಲಗಿಸಿ, ಬಾತ ಕೈಯ ಕೆಳಗೆ ದಿಂಬಿಟ್ಟು ಎದೆಯ ಮಟ್ಟಕ್ಕಿಂತ ತುಸು ಮೇಲೆ ಇರಲಿ.

ಒತ್ತಡ ಎಷ್ಟಿರಬೇಕು? ಎಳೆಮಗುವಿನ ನೆತ್ತಿಗೆ ಎಣ್ಣೆಯಿಡುವಾಗ ಬಾಣಂತಿ ನೋಡುವವರ ಕೈ ಹೇಗಿರುತ್ತದೋ ಹಾಗೆ. ಸವರುವುದೂ ಅಲ್ಲ, ತಿಕ್ಕುವುದೂ ಅಲ್ಲ. ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಬೆರಳಿಗೆ ಅಂಟಿದಂತೆ ಚರ್ಮವನ್ನು ಬೇಕಾದ ದಿಕ್ಕಿಗೆ ಅರ್ಧ ವೃತ್ತದಂತೆ ಸರಿಸಬೇಕು, ಆಮೇಲೆ ಬಿಟ್ಟುಬಿಡಬೇಕು. ಚರ್ಮ ತಾನಾಗಿ ಹಿಂದಕ್ಕೆ ಬರಲಿ. ಆ ಬಿಡುವ ಗಳಿಗೆಯೂ ಸರಿಸುವಷ್ಟೇ ಮುಖ್ಯ, ನಾಳ ತುಂಬಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟು ನಿಧಾನ. ಕೆಳಗಿನ ಸ್ನಾಯು ಕೈಗೆ ಸಿಕ್ಕಿದರೆ ನೀವು ಹೆಚ್ಚು ಒತ್ತುತ್ತಿದ್ದೀರಿ. ಚರ್ಮ ಕೆಂಪಾದರೂ ಹೆಚ್ಚೇ.

ಮೊದಲು ಉಸಿರು. ಅವರ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕೈ ಮೇಲೇರುವಂತೆ ಐದು ಸಲ ಆಳವಾಗಿ ಉಸಿರೆಳೆದು ಬಿಡಲು ಹೇಳಿ. ಮೈಯ ಅತಿದೊಡ್ಡ ದುಗ್ಧನಾಳ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ದಾಟಿ ಮೇಲೇರುತ್ತದೆ. ಉಸಿರೇ ಅದಕ್ಕೆ ಪಂಪು.

ಆಮೇಲೆ ಎರಡೂ ಕೊರಳೆಲುಬಿನ ಮೇಲಿನ ಗುಳಿ. ಅಲ್ಲಿ ಬೆರಳಿಟ್ಟು ಕೆಳಕ್ಕೆ ಒಳಕ್ಕೆ, ಹತ್ತು ಸಲ. ಅನಂತರ ಚೆನ್ನಾಗಿರುವ ಬಲಕಂಕುಳು: ಅಂಗೈಯನ್ನು ಒಳಗಿಟ್ಟು ಮೇಲಕ್ಕೆ, ಹತ್ತು ಸಲ. ಈಗ ಎಡಗಡೆಯ ನೀರಿಗೆ ಹೊಸ ದಾರಿ ತೋರಿಸಬೇಕು. ಎದೆಯ ಮೇಲ್ಭಾಗದಲ್ಲಿ ಮೊದಲು ಬಲಕಂಕುಳಿನ ಹತ್ತಿರದ ಅರ್ಧವನ್ನು ಬಲಕ್ಕೆ ಸರಿಸಿ, ನಂತರ ನಡುವನ್ನು, ಕೊನೆಗೆ ಎಡ ಅರ್ಧವನ್ನು. ಪ್ರತಿ ಜಾಗದಲ್ಲಿ ಐದಾರು ಸಲ. ಶಸ್ತ್ರಚಿಕಿತ್ಸೆಯ ಗಾಯದ ಗೆರೆಯನ್ನು ಎಳೆಯಬೇಡಿ; ಅದರ ಮೇಲಿನಿಂದ ಸುತ್ತಿಕೊಂಡು ಬನ್ನಿ. ಬೆನ್ನಿನಲ್ಲಿಯೂ ಹೆಗಲ ಹಲಗೆಗಳ ಮೇಲೆ ಹೀಗೆಯೇ ಎಡದಿಂದ ಬಲಕ್ಕೆ, ಬಲ ಅಂಚಿನಿಂದ ಆರಂಭಿಸಿ. ಒಬ್ಬರೇ ಮಾಡಿಕೊಳ್ಳುವವರಿಗೆ ಬೆನ್ನು ಎಟುಕದು; ಅದನ್ನು ಬಿಡಬಹುದು.

ಇನ್ನೊಂದು ದಾರಿ ಕೆಳಕ್ಕೆ. ಎಡ ತೊಡೆಸಂದಿಯನ್ನು ಹತ್ತು ಸಲ ಬಿಡಿಸಿ, ಸೊಂಟದ ಪಕ್ಕದಿಂದ ಆರಂಭಿಸಿ ಕಂಕುಳಿನವರೆಗೆ ಮೈಯ ಎಡಮಗ್ಗುಲನ್ನು ಹಂತಹಂತವಾಗಿ ತೊಡೆಸಂದಿಯತ್ತ ಸರಿಸಿ. ಕೆಳಗಿನ ಹಂತ ಮೊದಲು, ಮೇಲಿನದು ಆಮೇಲೆ. ಸರಿಸುವ ದಿಕ್ಕು ಮಾತ್ರ ಯಾವಾಗಲೂ ಕೆಳಕ್ಕೆ.

ಇಷ್ಟಾದ ಮೇಲೆ ಕೈ. ಹೆಗಲ ಗುಂಡಿನಿಂದ ಕುತ್ತಿಗೆಯ ಕಡೆಗೆ. ರಟ್ಟೆಯ ಮೇಲರ್ಧ, ಕೆಳಗಿನ ಅರ್ಧ. ರಟ್ಟೆಯ ಒಳಮೈಯಿಂದ ಹೊರಮೈಗೆ ತಂದು, ಹೊರಮೈಯಿಂದ ಹೆಗಲಿಗೆ ಏರಿಸಿ. ಗ್ರಂಥಿ ತೆಗೆದ ಕಂಕುಳಿನತ್ತ ತಳ್ಳಬೇಡಿ, ಆ ದಾರಿ ಕಟ್ಟಿದೆ. ಮೊಣಕೈಯ ಮಡಿಕೆ, ಮುಂಗೈ, ಮಣಿಕಟ್ಟು, ಅಂಗೈಯ ಹಿಂಬದಿ, ಒಂದೊಂದೇ ಬೆರಳು. ಪ್ರತಿ ಹಂತವಾದ ಮೇಲೆ ಸಡಿಲವಾದದ್ದನ್ನು ಹೆಗಲಿನ ತನಕ ತಲುಪಿಸಿ ಬನ್ನಿ. ಕೊನೆಗೆ ಮತ್ತೆ ಕೊರಳೆಲುಬಿನ ಗುಳಿ, ಮತ್ತೆ ಐದು ಉಸಿರು. ಒಟ್ಟು ಇಪ್ಪತ್ತು ನಿಮಿಷ ಸಾಕು. ಮುಗಿದ ಮೇಲೆ ಅತ್ತೆ ಬಚ್ಚಲಿಗೆ ಹೋಗಬೇಕು ಎನ್ನುತ್ತಾರೆ, ಅಥವಾ ಅಲ್ಲೇ ನಿದ್ದೆ ಹೋಗುತ್ತಾರೆ. ಮೊದಲ ದಿನಗಳಲ್ಲಿ ಒಮ್ಮೆ ಕಣ್ಣು ಮುಚ್ಚಿಕೊಂಡೇ ಅವರು, "ನಿನ್ನ ಕೈ ಈಗ ಅವಸರ ಬಿಟ್ಟಿತು, ಕೂಸೇ" ಎಂದಿದ್ದರು. ಅದುವರೆಗೆ ನಾನು ಅಡುಗೆಮನೆಯ ಹಾಲು ಉಕ್ಕೀತೆಂಬ ಯೋಚನೆಯಲ್ಲೇ ಮಾಡುತ್ತಿದ್ದೆ. ಆಮೇಲೆ ಒಲೆಯಿಂದ ಎಲ್ಲವನ್ನೂ ಇಳಿಸಿಯೇ ಕುಳಿತೆ.

ನೀವುವುದೊಂದೇ ಸಾಲದು

ಬರೀ ನೀವಿ ಬಿಟ್ಟರೆ ಸಂಜೆಯೊಳಗೆ ಬಾವು ಮರಳುತ್ತದೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒತ್ತುಪಟ್ಟಿಯನ್ನು ಕಟ್ಟದೆ ತಿಂಗಳುಗಟ್ಟಲೆ ಹಣ ಸುರಿದವರನ್ನು ಕಂಡಿದ್ದೇನೆ. ಬಾವನ್ನು ಇಳಿಸಿ ಹಿಡಿದಿಡುವ ಹೆಚ್ಚಿನ ಕೆಲಸ ಬ್ಯಾಂಡೇಜಿನದು, ಮತ್ತು ತೋಳಿಗೆ ಬಿಗಿಯಾಗಿ ತೊಡುವ ತೋಳುಚೀಲದ್ದು. ಔಷಧಿ ಅಂಗಡಿಯಲ್ಲಿ ಸಿಗುವ ಕ್ರೇಪ್ ಬ್ಯಾಂಡೇಜು ಬೇರೆ. ಅದು ಬಹಳ ಹಿಗ್ಗುತ್ತದೆ. ಇದಕ್ಕೆ ಬೇಕಾದದ್ದು ಕಡಿಮೆ ಹಿಗ್ಗುವ ಬ್ಯಾಂಡೇಜು. ಕೈ ಆಡಿಸಿದಾಗ ಸ್ನಾಯು ಅದರ ಗಟ್ಟಿ ಗೋಡೆಗೆ ಒತ್ತಿ ನೀರನ್ನು ತಳ್ಳುತ್ತದೆ, ಸುಮ್ಮನಿದ್ದಾಗ ಅದು ಬಿಗಿಯುವುದಿಲ್ಲ. ಒಳಗೆ ಹತ್ತಿಯ ಬಟ್ಟೆಯ ಚೀಲ, ಅದರ ಮೇಲೆ ಮೆತ್ತೆ, ಬೆರಳುಗಳಿಗೆ ಬೇರೆಯೇ ಪಟ್ಟಿ, ಬೆರಳ ಕಡೆ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಕಟ್ಟುವುದನ್ನು ಕಲಿಯದೆ ಕಟ್ಟಬೇಡಿ. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ. ಬಾವು ಇಳಿದು ಅಳತೆ ಒಂದೇ ಕಡೆ ನಿಂತ ಮೇಲೆ ತೋಳುಚೀಲಕ್ಕೆ ಅಳತೆ ಕೊಡಬೇಕು. ಊದಿದ ಕೈಗೆ ಅಳತೆ ಕೊಟ್ಟರೆ ಆ ಊತಕ್ಕೇ ಹೊಲಿಸಿದಂತಾಗುತ್ತದೆ. ಅತ್ತೆ ಅದನ್ನು ಬೆಳಗ್ಗೆ ಏಳುತ್ತಲೇ ತೊಟ್ಟು ಮಲಗುವಾಗ ತೆಗೆಯುತ್ತಾರೆ. ತೊಟ್ಟುಕೊಂಡೇ ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಪ್ರತಿಯೊಂದೂ ಹತ್ತು ಸಲ.

ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ, ದರ್ಜಿಯ ಟೇಪಿನಿಂದ ಎರಡೂ ಕೈಗಳನ್ನು ಅಳೆಯುತ್ತೇನೆ: ಮಣಿಕಟ್ಟು, ಅಲ್ಲಿಂದ 10 ಸೆಂಟಿಮೀಟರ್ ಮೇಲೆ, 20 ಸೆಂಟಿಮೀಟರ್ ಮೇಲೆ, ರಟ್ಟೆಯ ನಡು. ಎರಡು ಕೈಗಳ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದನ್ನು ಬಾವು ಎಂದು ಗಣಿಸುತ್ತಾರೆ. ಶಿವಮೊಗ್ಗಕ್ಕೆ ಹೋದಾಗ ಅತ್ತೆಯ ಮುಂಗೈಯಲ್ಲಿ ಮೂರೂವರೆ ಇತ್ತು, ಮೂರು ವಾರಕ್ಕೆ ಒಂದೂವರೆಗೆ ಇಳಿಯಿತು, ಈಗಲೂ ಅದರ ಆಸುಪಾಸಿನಲ್ಲಿದೆ. ಪೂರ್ತಿ ಹೋಗಿಲ್ಲ. ಹಳೆಯದಾಗಿ ಗಟ್ಟಿಯಾದ ಬಾವು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳದ್ದು, ಬೇಗ ಇಳಿಯುವುದೂ ಇಲ್ಲ. ಗುಳಿ ಬೀಳುವ ದಿನಗಳಲ್ಲೇ ಹಿಡಿಯಬೇಕು.

ಚರ್ಮದ ವಿಷಯ ನಮ್ಮ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು. ಬಾತ ಕೈಕಾಲಿಗೆ ಸಣ್ಣ ಗೀರೂ ಸೋಂಕಿನ ಬಾಗಿಲು. ಎರಡನೆಯ ವರ್ಷ ಅಡಿಕೆ ಸುಲಿತದ ದಿನಗಳಲ್ಲಿ ಅತ್ತೆ ಬೇಡವೆಂದರೂ ಮೆಟ್ಟುಗತ್ತಿಯ ಮುಂದೆ ಕುಳಿತರು. ತೋರುಬೆರಳಿಗೆ ಅಕ್ಕಿಕಾಳಿನಷ್ಟು ಗಾಯ. ಮರುದಿನ ಮಧ್ಯಾಹ್ನ ಮೈನಡುಕದ ಜ್ವರ, ಸಂಜೆಗೆ ಮೊಣಕೈಯವರೆಗೆ ಕೆಂಪು. ಐದು ದಿನ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಹಾಕಿಸಿ ಬಂದೆವು, ಅಳತೆ ಮತ್ತೆ ಮೂರಕ್ಕೆ ಏರಿತ್ತು. ಅಂದಿನಿಂದ ತೋಟಕ್ಕೆ ಹೋದರೆ ಕೈಗವಸು. ಕಾಲು ಬಾತವರಿಗೆ ಇಂಬಳ (ಜಿಗಣೆ) ಕಚ್ಚಿದ ಗಾಯ, ಕೆಸರಿನಿಂದ ಬೆರಳ ಸಂದಿ ಕೊಳೆಯುವುದು, ಎರಡೂ ಹೀಗೆಯೇ ಅಪಾಯ. ರಾತ್ರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಚರ್ಮ ಬಿರಿಯದಂತೆ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ. ನೀವಿದ ಮೇಲೆ ಹಚ್ಚಬೇಕು, ಮೊದಲಲ್ಲ. ದೀಪಾವಳಿಯ ಅಭ್ಯಂಜನವನ್ನು ಅತ್ತೆ ಬಿಟ್ಟಿಲ್ಲ. ಎಡಗೈಗೆ ಮಾತ್ರ ಉಗುರುಬೆಚ್ಚಗಿನ ನೀರು.

ಊರಿನಲ್ಲಿ ಇದನ್ನು ಆನೆಕಾಲಿನಂತೆ "ಆನೆಕೈ" ಎಂದವರಿದ್ದಾರೆ. ಆನೆಕಾಲು ರೋಗ ಸೊಳ್ಳೆಯಿಂದ ಬರುವ ಹುಳುವಿನದು. ಅತ್ತೆಯದು ಶಸ್ತ್ರಚಿಕಿತ್ಸೆಯಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ. ಆದರೆ ಎರಡರಲ್ಲೂ ಕಟ್ಟಿಕೊಳ್ಳುವುದು ಅದೇ ದುಗ್ಧರಸದ ದಾರಿ, ಆರೈಕೆಯೂ ಬಹುಮಟ್ಟಿಗೆ ಒಂದೇ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿಗೆ ಚರ್ಮದ ಆರೈಕೆ, ಒತ್ತುಪಟ್ಟಿ, ಆಯುರ್ವೇದ, ಯೋಗಗಳನ್ನು ಜೊತೆಗೂಡಿಸಿ ಚಿಕಿತ್ಸೆ ಕೊಡುತ್ತಾರೆ.

ಮಂಡಿಯ ಶಸ್ತ್ರಚಿಕಿತ್ಸೆಯಾದ ಕಾಲಿಗೂ ಈ ಕ್ರಮ ಬಳಸಬಹುದು. ದೊಡ್ಡಪ್ಪನಿಗೆ ಮಂಡಿಚಿಪ್ಪು ಬದಲಿಸಿದಾಗ, ರಕ್ತ ಹೆಪ್ಪುಗಟ್ಟಿಲ್ಲ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಮಾಡಿದೆ: ಉಸಿರು, ಕೊರಳೆಲುಬು, ತೊಡೆಸಂದಿ, ತೊಡೆ, ಮಂಡಿಯ ಹಿಂದಿನ ಗುಳಿ, ಗಾಯವನ್ನು ಬಿಟ್ಟು ಮಂಡಿಯ ಸುತ್ತ, ಮೀನಖಂಡ, ಕಣಕಾಲು. ಇಲ್ಲಿ ತೊಡೆಸಂದಿಯ ಗ್ರಂಥಿಗಳು ಇರುವುದರಿಂದ ಎಲ್ಲವನ್ನೂ ಅಲ್ಲಿಗೇ ತರಬಹುದು. ಬಿಗಿತ ಕಡಿಮೆಯಾಗಿ ಮಂಡಿ ಮಡಚುವ ವ್ಯಾಯಾಮ ಸುಲಭವಾಯಿತು ಎಂದು ಅವರು ಹೇಳಿದರು. ವ್ಯಾಯಾಮದ ಬದಲಿಗೆ ಇದಲ್ಲ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಣಕಾಲು ಉಳುಕಿದರೆ ಮೊದಲ ದಿನಗಳಲ್ಲಿ ಪಟ್ಟಿ ಕಟ್ಟಿ, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಬೆರಳಾಡಿಸುವುದೇ ಹೆಚ್ಚು ಉಪಯೋಗ.

ಹೊಟ್ಟೆಯ ಕೊಬ್ಬು ಕರಗುತ್ತದೆ, ಮೈಯ ವಿಷವೆಲ್ಲ ಹೊರಹೋಗುತ್ತದೆ ಎಂದು ಇದನ್ನೇ ಮಾರುವವರನ್ನು ನಂಬಬೇಡಿ. ಇದು ಸರಿಸುವುದು ನೀರನ್ನು ಮಾತ್ರ.

ಕೊನೆಯದಾಗಿ ಮಳೆಗಾಲದ ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಳುಚೀಲ ಒಣಗುವುದೇ ಇಲ್ಲ, ಒದ್ದೆಯದನ್ನು ತೊಟ್ಟರೆ ಚರ್ಮ ಕೊಳೆಯುತ್ತದೆ. ಎರಡು ಜೊತೆ ಇಟ್ಟುಕೊಳ್ಳಿ. ಒಮ್ಮೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿ ಹೊಸ ಚೀಲದ ಬಿಗಿಯನ್ನೇ ಕಳೆದೆ. ಶಾಖಕ್ಕೆ ಅದರ ರಬ್ಬರು ಸತ್ತಿತ್ತು. ಈಗ ರಾತ್ರಿ ತೊಳೆದು, ಹಿಂಡದೆ, ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಜಗಲಿಯ ಫ್ಯಾನಿನ ಕೆಳಗೆ ಚಪ್ಪಟೆಯಾಗಿ ಹರಡುತ್ತೇನೆ. ಕರೆಂಟು ಇದ್ದರೆ ಬೆಳಗ್ಗೆಗೆ ಒಣಗಿರುತ್ತದೆ. ಇಲ್ಲದ ದಿನ ಎರಡನೆಯದು. ಆರು ತಿಂಗಳಿಗೆ ಹೊಸದು ಕೊಳ್ಳಬೇಕು, ಅಷ್ಟರೊಳಗೆ ಬಿಗಿ ಸಡಿಲವಾಗಿರುತ್ತದೆ. ಕೊಂಡ ತಾರೀಕನ್ನು ಅಳತೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.